ಕೊಡಗಿನ ಬ್ಯಾಂಡ್‌ಗಳಿಗೆ: ಮೊದಲ ಸಿಂಗಲ್ ಮನೆಯಲ್ಲೇ ರೆಕಾರ್ಡ್ ಮಾಡಿ ರಿಲೀಸ್ ಮಾಡೋದು ಹೇಗೆ, ಶುರುವಿಂದ ಕೊನೇವರೆಗೆ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಬ್ಯಾಂಡ್‌ಗಳು ಕೇಳಿ ಅಂತ ನನಗೆ ಕಳಿಸೋ ಹಾಡುಗಳಲ್ಲಿ ಹಾಡಿನ ತಪ್ಪು ಕಮ್ಮಿ, ಕೆಲಸದ ಕ್ರಮದ ತಪ್ಪೇ ಜಾಸ್ತಿ. ಮೊದಲು ಪೋಸ್ಟರ್ ಮಾಡಿ ಡೇಟ್ ಅನೌನ್ಸ್ ಮಾಡ್ತಾರೆ, ಆಮೇಲೆ ರೆಕಾರ್ಡಿಂಗ್‌ಗೆ ಕೂರ್ತಾರೆ, ಡೇಟ್ ಹತ್ರ ಬಂತು ಅಂತ ಮಿಕ್ಸ್ (ಎಲ್ಲಾ ಟ್ರ್ಯಾಕ್ ಸೇರಿಸಿ ಹದ ಮಾಡೋದು) ಅರ್ಧಂಬರ್ಧ ಮಾಡ್ತಾರೆ, ಅಪ್‌ಲೋಡ್ ಮಾಡೋ ರಾತ್ರಿ ಫಾರ್ಮಲ್ಲಿ "ಗೀತರಚನೆ ಯಾರು" ಅನ್ನೋ ಕಾಲಂ ಬಂದಾಗ ಜಗಳ ಶುರು. ಇದನ್ನ ಪೂರ್ತಿ ತಿರುಗಿಸಬೇಕು. ಜಗಳ ಮೊದಲು, ಡೇಟ್ ಕೊನೆಗೆ. ಹಾಡು ಹಿಟ್ ಆಗತ್ತೋ ಇಲ್ವೋ ಯಾರ ಕೈಲೂ ಇಲ್ಲ, ಆದ್ರೆ ಹಿಟ್ ಆಗಬೇಕಾದ ಹಾಡನ್ನ ನಾವೇ ಕೆಡಿಸದೆ ಇರೋದು ನಮ್ಮ ಕೈಲಿದೆ.

## ಬೇಕಾಗೋ ಸಾಮಾನು

ಎರಡು ಚಾನೆಲ್‌ನ ಆಡಿಯೋ ಇಂಟರ್‌ಫೇಸ್ (ಮೈಕ್, ಗಿಟಾರನ್ನ ಲ್ಯಾಪ್‌ಟಾಪ್‌ಗೆ ಜೋಡಿಸೋ ಪೆಟ್ಟಿಗೆ) ಒಂದು. ಡೈನಾಮಿಕ್ ಮೈಕ್ ಒಂದು (ಸ್ಟೇಜಲ್ಲಿ ಹಾಡೋ ಮೈಕೇ ಸಾಕು), ಸಾಧ್ಯ ಆದ್ರೆ ಒಂದು ಕಂಡೆನ್ಸರ್ ಮೈಕ್. ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್, ಮೈಕ್ ಸ್ಟ್ಯಾಂಡ್, ಪಾಪ್ ಫಿಲ್ಟರ್, ಬ್ಯಾಟರಿ ಸರಿಯಾಗಿರೋ ಲ್ಯಾಪ್‌ಟಾಪ್. ಸಾಫ್ಟ್‌ವೇರ್‌ಗೆ ರೀಪರ್ ಹಾಕ್ಕೊಳ್ಳಿ, 60 ದಿನ ಫ್ರೀ ಟ್ರಯಲ್ ಇದೆ, ಮ್ಯಾಕ್ ಇದ್ರೆ ಗ್ಯಾರೇಜ್‌ಬ್ಯಾಂಡ್ ಅದರಲ್ಲೇ ಬರತ್ತೆ. ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್. ಸಿಲಿಕಾ ಜೆಲ್ ಪ್ಯಾಕೆಟ್, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ. ಕೊನೇ ಎರಡನ್ನ ಬೆಂಗಳೂರಿನ ಯಾವ ಲಿಸ್ಟಲ್ಲೂ ನೋಡಲ್ಲ, ನಮ್ಮಲ್ಲಿ ಅದಿಲ್ಲದೆ ಆಗಲ್ಲ.

ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಇಂಟರ್‌ಫೇಸ್‌ನಿಂದ ಮೈಕ್‌ಗೆ ಹೋಗೋ ಕರೆಂಟ್) ಆನ್ ಮಾಡಬೇಕು. "ಮೈಕ್ ಹಾಳಾಗಿದೆ" ಅಂತ ವಾಪಸ್ ಕಳಿಸೋರಲ್ಲಿ ಸುಮಾರು ಜನ ಆ ಬಟನ್ ಒತ್ತಿರಲ್ಲ.

## ಹಂತ 1: ಯಾವ ಹಾಡು, ಯಾರ ಹಾಡು

ಮೊದಲ ಸಿಂಗಲ್ ನಿಮ್ಮ ಸ್ವಂತ ಹಾಡೇ ಆಗಿರಲಿ. ಬೇರೆಯವರ ಹಾಡಿನ ಕವರ್‌ಗೆ ಭಾರತದ ಕಾಪಿರೈಟ್ ಕಾಯ್ದೆಯ 31ಸಿ ಸೆಕ್ಷನ್‌ನಲ್ಲಿ ದಾರಿ ಇದೆ, ಆದ್ರೆ ಮೂಲ ಹಾಡು ಮೊದಲ ಸಲ ರೆಕಾರ್ಡ್ ಆದ ವರ್ಷ ಮುಗಿದು ಐದು ವರ್ಷ ಕಳೀಬೇಕು, ನೋಟಿಸ್ ಕೊಡಬೇಕು, ರಾಯಲ್ಟಿ ಮುಂಗಡ ಕಟ್ಟಬೇಕು, ಅಷ್ಟೆಲ್ಲಾ ತಲೆನೋವು ಮೊದಲ ಹಾಡಿಗೆ ಬೇಡ.

ಕವಿತೆ ತಗೊಂಡು ರಾಕ್ ಟ್ಯೂನ್ ಹಾಕೋರು ಇಲ್ಲಿ ನಿಂತು ಓದಿ. ಕವಿ ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರತ್ತೆ. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ, ಕುವೆಂಪು 1994ರಲ್ಲಿ, ಲೆಕ್ಕ ನೀವೇ ಹಾಕಿ. ಅನುಮತಿ ಪತ್ರ ಇಲ್ಲದೆ ಬಿಟ್ರೆ ಹಾಡು ಯಾವಾಗ ಬೇಕಾದ್ರೂ ತೆಗೆಸಬಹುದು. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳ ಸಾಹಿತ್ಯಕ್ಕೆ ಈ ತೊಂದರೆ ಇಲ್ಲ. ಆದ್ರೆ ಶರೀಫರ ಪದ ಅಂತ ನಿಮ್ಮ ತಲೇಲಿರೋ ಟ್ಯೂನ್ ಬಹುಶಃ ಸಿ. ಅಶ್ವಥ್ ಅವರದ್ದು, ಅದು ಫ್ರೀ ಅಲ್ಲ. ಪದ ತಗೊಳ್ಳಿ, ರಾಗ ನೀವೇ ಕಟ್ಟಿ. ಕೊಡವ ಜನಪದಕ್ಕೂ ಇದೇ ಮಾತು, 1924ರಲ್ಲಿ ಬಂದ ಪಟ್ಟೋಲೆ ಪಳಮೆ ಅನ್ನೋ ಪುಸ್ತಕದಲ್ಲಿರೋ ಸಾಂಪ್ರದಾಯಿಕ ಹಾಡು ಹಾಡಬಹುದು, ಇನ್ಯಾರೋ ಈಚೆಗೆ ರೆಕಾರ್ಡ್ ಮಾಡಿದ್ದನ್ನ ಕತ್ತರಿಸಿ ಅಂಟಿಸೋ ಹಾಗಿಲ್ಲ.

ಈಗ ಜಗಳದ ವಿಷಯ. ಒಂದು ಹಾಳೆ ತಗೊಂಡು ಮೂರು ಸಾಲು ಬರೀರಿ: ಸಾಹಿತ್ಯ ಯಾರದ್ದು ಎಷ್ಟು ಪರ್ಸೆಂಟ್, ಸಂಗೀತ ಯಾರದ್ದು ಎಷ್ಟು, ರೆಕಾರ್ಡಿಂಗ್ ಯಾರದ್ದು ಎಷ್ಟು. ಮೂರೂ ಬೇರೆ ಬೇರೆ ಹಕ್ಕು. ಹಾಡು ಬರೆದವನು ಒಬ್ಬ ಇದ್ರೂ ರೆಕಾರ್ಡಿಂಗ್‌ಗೆ ಕಾನೂನಿನ ಪ್ರಕಾರ ನಿರ್ಮಾಪಕರೇ ಕರ್ತೃ, ಅಂದ್ರೆ ಜವಾಬ್ದಾರಿ ತಗೊಂಡು ಮಾಡಿಸಿದವರು. ನಾಲ್ಕು ಜನ ದುಡ್ಡು ಹಾಕಿದ್ರೆ ನಾಲ್ಕು ಜನ ಅಂತ ಬರೀರಿ. ಯಾರಾದ್ರೂ ಬ್ಯಾಂಡ್ ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದ್ರೆ ಏನು ಅನ್ನೋದನ್ನೂ ಬರೀರಿ, ಯಾಕಂದ್ರೆ ಹೋಗೇ ಹೋಗ್ತಾರೆ. ಎಲ್ಲರೂ ಸೈನ್ ಹಾಕಿ ಫೋಟೋ ತೆಗೆದು ಗ್ರೂಪಿಗೆ ಹಾಕಿ.

ಅಪಾಯದ ಸೂಚನೆ: "ನಮ್ಮ ಮಧ್ಯ ಎಂಥ ಪತ್ರ ಮಾರಾಯ" ಅಂತ ಯಾರಾದ್ರೂ ಅಂದ್ರೆ ಅವತ್ತೇ ಬರೆಸಿ.

## ಹಂತ 2: ಫೋನ್ ಡೆಮೋ

ಫೋನನ್ನ ರೂಮಿನ ಮಧ್ಯ ಇಟ್ಟು ಹಾಡನ್ನ ಪೂರ್ತಿ ನುಡಿಸಿ ರೆಕಾರ್ಡ್ ಮಾಡಿ, ಎರಡು ದಿನ ಮುಟ್ಟಬೇಡಿ, ಆಮೇಲೆ ಕೇಳಿ. ಸ್ಟೇಜಲ್ಲಿ ಚೆನ್ನಾಗಿ ಅನ್ಸೋ ಉದ್ದದ ಗಿಟಾರ್ ಇಂಟ್ರೋ ಇಲ್ಲಿ ಬೋರ್ ಹೊಡೆಸತ್ತೆ, ಅಲ್ಲಿ ಕತ್ತರಿ ಹಾಕಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ್ರೆ ಮಾತ್ರ ಒಂದು ಸ್ಟ್ರೀಮ್ ಅಂತ ಲೆಕ್ಕ, ಅಷ್ಟರೊಳಗೆ ದನಿ ಆದ್ರೂ ಬರಬೇಕು, ಹಾಡಿನ ಮುಖ್ಯ ರಿಫ್ ಆದ್ರೂ ಬರಬೇಕು. ಹಾಗಂತ ಪಲ್ಲವಿಯನ್ನೇ ತಂದು ಮುಂದೆ ಅಂಟಿಸೋದೂ ಬೇಡ, ಎಲ್ಲರೂ ಅದನ್ನೇ ಮಾಡಿ ಮಾಡಿ ಸಾಕಾಗಿದೆ.

ಈ ಹಂತದಲ್ಲೇ ಮೂರು ವಿಷಯ ಫಿಕ್ಸ್ ಮಾಡಿ: ಟೆಂಪೋ, ಶ್ರುತಿ, ಹಾಡಿನ ನಕ್ಷೆ (ಯಾವ ಭಾಗ ಯಾವ ಕ್ರಮದಲ್ಲಿ, ಎಷ್ಟು ಸಲ). ಟೆಂಪೋ ಬಗ್ಗೆ ಒಂದು ಮಾತು, ನೀವು ಲೈವ್‌ನಲ್ಲಿ ನುಡಿಸೋದು ಉತ್ಸಾಹಕ್ಕೆ ಓಡಿರತ್ತೆ, ಮೆಟ್ರೋನೋಮ್ ಹಾಕಿ ಮೂರು ನಾಲ್ಕು ಸ್ಪೀಡಲ್ಲಿ ಬರೀ ಹಾಡಿ ನೋಡಿ, ಮಾತು ಬಾಯಿಗೆ ಸರಿಯಾಗಿ ಕೂರೋ ಸ್ಪೀಡೇ ನಿಮ್ಮ ಟೆಂಪೋ. ಶ್ರುತಿಯನ್ನ ಹಾಡೋರ ಗಂಟಲು ನೋಡಿ ಇಡಿ, ಗಿಟಾರ್ ಕಾರ್ಡ್ ಸುಲಭ ಅಂತ ಇಡಬೇಡಿ, ಅದಕ್ಕೆ ಗಿಟಾರ್ ಕುತ್ತಿಗೆಗೆ ಹಾಕೋ ಕ್ಲಿಪ್, ಕ್ಯಾಪೋ ಇದೆ.

## ಹಂತ 3: ಜಾಗ ಮತ್ತು ಕಾಲ

ನಮ್ಮೂರಿನ ಅರ್ಧ ರೆಕಾರ್ಡಿಂಗ್ ಹಾಳಾಗೋದು ಇಲ್ಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಕೆಳಗೆ ಹಾಡು ರೆಕಾರ್ಡ್ ಮಾಡೋ ಯೋಚನೆ ಬಿಟ್ಟುಬಿಡಿ. ಮಳೆ ಸದ್ದು ತಗ್ಗಿಂದ ತಾರಕದವರೆಗೆ ಎಲ್ಲಾ ಕಡೆ ಹರಡಿರತ್ತೆ, ದನಿ ಇರೋ ಜಾಗದಲ್ಲೂ ಅದೇ ಇರತ್ತೆ, ಹಾಗಾಗಿ ನಾಯ್ಸ್ ರಿಮೂವಲ್ ಹಾಕಿದ್ರೆ ಮಳೆ ಜೊತೆ ದನಿಯ ಜೀವವೂ ಹೋಗಿ ನೀರೊಳಗಿಂದ ಹಾಡಿದ ಹಾಗೆ ಕೇಳತ್ತೆ. ಹಂಚಿನ ಮನೆ ಸ್ವಲ್ಪ ವಾಸಿ, ತಾರಸಿ ಮನೆಯ ಕೆಳಗಿನ ಅಂತಸ್ತು ಇದ್ರೆ ಅದೇ ಬೆಸ್ಟ್.

ಮಳೆ ಇಲ್ಲದ ತಿಂಗಳು ಸುಮ್ಮನಿರತ್ತೆ ಅಂತಲ್ಲ. ಡಿಸೆಂಬರ್ ಜನವರಿಯಲ್ಲಿ ಕಾಫಿ ಕುಯ್ಲು, ತೋಟದ ಮನೆ ಆದ್ರೆ ಹಣ್ಣು ಸುಲಿಯೋ ಪಲ್ಪರ್ ಮೋಟಾರ್ ಸಂಜೆ ಶುರುವಾದ್ರೆ ರಾತ್ರಿವರೆಗೆ. ಫೆಬ್ರವರಿ ಮಾರ್ಚ್‌ನಲ್ಲಿ ಹೂಮಳೆ ಬರದೇ ಹೋದ್ರೆ ಸ್ಪ್ರಿಂಕ್ಲರ್, ಅದರ ಡೀಸೆಲ್ ಎಂಜಿನ್ ಸದ್ದು ಪಕ್ಕದ ತೋಟದಿಂದಲೂ ಬರತ್ತೆ. ಏಪ್ರಿಲ್ ಮೇನಲ್ಲಿ ಜೀರುಂಡೆ, ಅದರ ಕಿರ್ರ್ ಅನ್ನೋದು ಸರಿಯಾಗಿ ಸಿಂಬಲ್‌ ಇರೋ ಜಾಗದಲ್ಲೇ ಕೂರತ್ತೆ. ಆದ್ರಿಂದ ಇಂಥ ತಿಂಗಳೇ ಒಳ್ಳೇದು ಅಂತ ಹೇಳಲಿಕ್ಕೆ ಆಗಲ್ಲ, ನಿಮ್ಮ ಮನೆಯ ಸುತ್ತ ಯಾವ ಹೊತ್ತಲ್ಲಿ ಏನು ಓಡತ್ತೆ ಅಂತ ನೋಡಿ ಟೈಮ್ ಹಾಕ್ಕೊಳ್ಳಿ. ಸಿದ್ದಾಪುರ, ಪಾಲಿಬೆಟ್ಟ ಕಡೆಯವರು ರಾತ್ರಿ ಸದ್ದು ಕಮ್ಮಿ ಅಂತ ಲೇಟ್ ಸೆಷನ್ ಇಟ್ರೆ ಎಲ್ಲರೂ ಅಲ್ಲೇ ಮಲಗೋ ವ್ಯವಸ್ಥೆ ಮಾಡಿ, ಆನೆ ಓಡಾಡೋ ದಾರೀಲಿ ನಡುರಾತ್ರಿ ಗಿಟಾರ್ ಬೆನ್ನಿಗೆ ಹಾಕ್ಕೊಂಡು ಬೈಕಲ್ಲಿ ಹೋಗೋದು ಬೇಡ.

ಟೆಸ್ಟ್ ಹೀಗೆ ಮಾಡಿ. ಮೈಕ್ ಇಡೋ ಜಾಗದಲ್ಲೇ ಇಟ್ಟು, ಹಾಡೋವಾಗ ಇಡೋ ಮೈಕ್ ಲೆವೆಲ್ ಅಂದ್ರೆ ಗೇನ್‌ ಹಾಕಿ, ಎಲ್ಲರೂ ಬಾಯಿ ಮುಚ್ಚಿ ಒಂದು ನಿಮಿಷ ಬರೀ ರೂಮನ್ನ ರೆಕಾರ್ಡ್ ಮಾಡಿ. ಹೆಡ್‌ಫೋನ್ ಹಾಕಿ ಜೋರಾಗಿ ಕೇಳಿ. ಫ್ರಿಡ್ಜ್, ಫ್ಯಾನ್, ಟ್ಯೂಬ್‌ಲೈಟ್ ಚೋಕ್, ಕೊಟ್ಟಿಗೆಯ ದನದ ಗಂಟೆ, ಎಲ್ಲಾ ಅದರಲ್ಲಿ ಸಿಗತ್ತೆ. ಒಂದೊಂದಾಗಿ ಆಫ್ ಮಾಡಿ ಮತ್ತೆ ಕೇಳಿ. ದನ ಆಫ್ ಆಗಲ್ಲ, ರೂಮ್ ಬದಲಾಯಿಸಿ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋದು, ಖಾಲಿ ಗೋಣಿಚೀಲ ನೇತುಹಾಕೋದು ಎರಡೂ ದಂಡ, ನೋಡಲಿಕ್ಕೆ ಸ್ಟುಡಿಯೋ ಥರ ಕಾಣತ್ತೆ ಅಷ್ಟೆ. ದಪ್ಪ ಇರಬೇಕು. ಹಾಡೋರ ಬೆನ್ನ ಹಿಂದೆ ಮತ್ತು ಎರಡೂ ಪಕ್ಕ ಹತ್ತಿ ಹಾಸಿಗೆ ನಿಲ್ಲಿಸಿ, ಮೇಲೆ ದಪ್ಪ ಕಂಬಳಿ ಅಥವಾ ರಜಾಯಿ ಹಾಕಿ. ಕೈ ಚಪ್ಪಾಳೆ ತಟ್ಟಿ ನೋಡಿ, "ಟಣ್" ಅಂತ ಗೋಡೆಯಿಂದ ವಾಪಸ್ ಬರೋದು ನಿಂತ್ರೆ ಸಾಕು.

## ಹಂತ 4: ತೇವ ಮತ್ತು ಕರೆಂಟ್

ತೇವಕ್ಕೆ ಗಿಟಾರ್ ಮರ ಉಬ್ಬತ್ತೆ, ತಂತಿ ಫ್ರೆಟ್‌ಬೋರ್ಡಿಂದ ಮೇಲೆದ್ದು ಒತ್ತಲಿಕ್ಕೆ ಕಷ್ಟ ಆಗತ್ತೆ, ಜೋರಾಗಿ ಒತ್ತಿದಾಗ ಸ್ವರ ಸ್ವಲ್ಪ ಮೇಲೆ ಹೋಗತ್ತೆ, ಟ್ಯೂನರ್ ಸರಿ ತೋರಿಸಿದ್ರೂ ಕಾರ್ಡ್ ಅಪಸ್ವರ ಕೇಳತ್ತೆ. ಗಿಟಾರ್‌ಗೆ ಹಿತ ಅನ್ನೋದು ನೂರಕ್ಕೆ 45ರಿಂದ 55ರಷ್ಟು ತೇವಾಂಶ, ಮಳೆಗಾಲದ ಮಡಿಕೇರಿ ಅದರ ಹತ್ರವೂ ಇರಲ್ಲ. ಗಿಟಾರನ್ನ ಗೋಡೆಗೆ ನೇತುಹಾಕಬೇಡಿ, ಕೇಸಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ. ರೆಕಾರ್ಡಿಂಗ್‌ಗೆ ಎರಡು ದಿನ ಮುಂಚೆ ಹೊಸ ತಂತಿ ಹಾಕಿ ಎಳೆದು ಸೆಟ್ ಮಾಡಿ, ಅವತ್ತೇ ಹಾಕಿದ್ರೆ ಟ್ಯೂನ್ ನಿಲ್ಲಲ್ಲ. ಕಂಡೆನ್ಸರ್ ಮೈಕ್ ಬಳಸಿ ಆದ ಕೂಡಲೇ ಡಬ್ಬಕ್ಕೆ. ಅಪಾಯದ ಸೂಚನೆ: ಮೈಕಿಂದ ಪಟಪಟ, ಚರ್ ಅಂತ ಸಣ್ಣ ಸದ್ದು ಬರ್ತಾ ಇದ್ರೆ ಒಳಗೆ ತೇವ ಹೋಗಿದೆ, ಆವಾಗ ಅದರಲ್ಲಿ ರೆಕಾರ್ಡ್ ಮಾಡಬೇಡಿ, ಒಂದೆರಡು ದಿನ ಜೆಲ್ ಜೊತೆ ಮುಚ್ಚಿಟ್ಟು ನೋಡಿ.

ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ರೆಕಾರ್ಡಿಂಗ್ ಮುಂದುವರಿಸೋದು ಬಹಳ ಜನ ಮಾಡೋ ತಪ್ಪು. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರೆ ಗಿಟಾರ್ ಪಿಕಪ್‌ನಲ್ಲಿ ಜೇನುನೊಣ ಹೊಕ್ಕ ಹಾಗೆ ಗುಂಯ್ ಅನ್ನತ್ತೆ. ಇಂಟರ್‌ಫೇಸ್ ಯುಎಸ್‌ಬಿಯಿಂದಲೇ ಓಡೋದಾದ್ರೆ ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ, ಕರೆಂಟ್ ಇದ್ದಾಗಲೂ ಇದೇ ಒಳ್ಳೇದು. ಚಾರ್ಜರ್ ಕಿತ್ತ ಕೂಡಲೇ ಹಮ್ ನಿಂತ್ರೆ ಅರ್ಥಿಂಗ್ ಸರಿ ಇಲ್ಲ ಅಂತ ಅನುಮಾನ ಪಡಿ. ಮೈಕ್ ತುಟಿಗೆ ತಾಗಿದಾಗ ಚುರ್ ಅಂತ ಶಾಕ್ ಹೊಡೆದ್ರೆ ಅವತ್ತಿನ ಸೆಷನ್ ಅಲ್ಲಿಗೇ ನಿಲ್ಸಿ, ಎಲೆಕ್ಟ್ರಿಷಿಯನ್ ಬಂದು ನೋಡೋವರೆಗೆ ಏನೂ ಪ್ಲಗ್ ಮಾಡಬೇಡಿ. ಗುಡುಗು ಶುರುವಾದ್ರೆ ಎಲ್ಲಾ ಪ್ಲಗ್ ಕೀಳಿ, ಬರೀ ಸ್ವಿಚ್ ಆಫ್ ಸಾಲಲ್ಲ.

## ಹಂತ 5: ರೆಕಾರ್ಡಿಂಗ್, ಈ ಕ್ರಮದಲ್ಲೇ

ಸೆಷನ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಬಫರ್ 128 ಸ್ಯಾಂಪಲ್, ನುಡಿಸಿದ್ದು ಹೆಡ್‌ಫೋನಲ್ಲಿ ತಡವಾಗಿ ಕೇಳಬಾರದು ಅಂತ. ಗೇನ್‌ ಇಡೋವಾಗ ಅತೀ ಜೋರಾಗಿ ನುಡಿಸಿದ್ರೂ ಮೀಟರ್ ಮೈನಸ್ 6 ಡಿಬಿ ದಾಟಬಾರದು. ಕೆಂಪು ಬಂತು ಅಂದ್ರೆ ಆ ಟೇಕ್ ಹೋಯ್ತು, ಆಮೇಲೆ ಸರಿ ಮಾಡಲಿಕ್ಕೆ ಬರಲ್ಲ. ಮೆಲ್ಲಗಿದೆ ಅಂತ ಹೆದರಬೇಡಿ, 24 ಬಿಟ್‌ನಲ್ಲಿ ಏರಿಸಬಹುದು.

ಗೈಡ್ ಟ್ರ್ಯಾಕ್. ಕ್ಲಿಕ್ (ಮೆಟ್ರೋನೋಮ್ ಸದ್ದು) ಹಾಕಿ ಒಂದು ಗಿಟಾರ್, ಒಂದು ದನಿ, ಶುರುವಿಂದ ಕೊನೇವರೆಗೆ. ಇದು ಕೊನೆಗೆ ಬಿಸಾಡೋದು, ಆದ್ರೂ ಟೈಮಿಂಗ್ ಸರಿ ಇರಬೇಕು, ಇದರ ಮೇಲೇ ಎಲ್ಲರೂ ನುಡಿಸೋದು.

ಡ್ರಮ್ಸ್. ಎರಡು ಚಾನೆಲ್ ಇರೋವಾಗ ಆಸೆ ಕಮ್ಮಿ ಇಟ್ಕೊಳ್ಳಿ. ಎಲೆಕ್ಟ್ರಾನಿಕ್ ಕಿಟ್ ಯಾರ ಹತ್ರಾದ್ರೂ ಸಿಕ್ಕಿದ್ರೆ ಯುಎಸ್‌ಬಿ ಮೂಲಕ ಮಿಡಿ (ಸದ್ದಲ್ಲ, ಯಾವ ಪೆಟ್ಟು ಯಾವಾಗ ಅನ್ನೋ ಮಾಹಿತಿ ಮಾತ್ರ) ಆಗಿ ತಗೊಳ್ಳಿ, ಸೌಂಡ್ ಆಮೇಲೆ ಬದಲಾಯಿಸಬಹುದು. ನಿಜವಾದ ಡ್ರಮ್ ಕಿಟ್ಟೇ ಬೇಕು ಅಂದ್ರೆ ಒಂದು ಮೈಕ್ ಕಿಕ್ ಮುಂದೆ, ಇನ್ನೊಂದು ಡ್ರಮ್ಮರ್ ತಲೆ ಮೇಲಿಂದ ಸ್ನೇರ್ ಕಡೆ ನೋಡೋ ಹಾಗೆ. ಕಚ್ಚಾ ಸೌಂಡ್ ಬರತ್ತೆ, ಇಂಡೀ ರಾಕ್‌ಗೆ ಅದು ತಪ್ಪಲ್ಲ, ಆದ್ರೆ ಡ್ರಮ್ಮರ್ ಸಿಂಬಲ್ ಮೇಲೆ ಕೈ ತಗ್ಗಿಸಬೇಕು.

ಬಾಸ್, ಆಮೇಲೆ ಗಿಟಾರ್. ಇಂಟರ್‌ಫೇಸ್‌ಗೆ ನೇರ ಚುಚ್ಚಿದ್ರೆ "ಇನ್‌ಸ್ಟ್" ಬಟನ್ ಒತ್ತಿ, ಒತ್ತದಿದ್ರೆ ಸೌಂಡ್ ಸಪ್ಪೆ. ರಿದಮ್ ಗಿಟಾರ್ ಎಡಕ್ಕೊಂದು ಬಲಕ್ಕೊಂದು ಬೇಕಾದ್ರೆ ಎರಡು ಸಲ ನುಡಿಸಬೇಕು. ಒಂದನ್ನ ಕಾಪಿ ಪೇಸ್ಟ್ ಮಾಡಿ ಎರಡು ಕಡೆ ಹಾಕಿದ್ರೆ ಅಗಲ ಆಗಲ್ಲ, ಮಧ್ಯದಲ್ಲೇ ಜೋರಾಗತ್ತೆ ಅಷ್ಟೆ, ಈ ತಪ್ಪು ನಾನು ಕೇಳೋ ಡೆಮೋಗಳಲ್ಲಿ ದಿನಾ ಸಿಗತ್ತೆ. ಪ್ರತಿ ಟೇಕ್‌ಗೂ ಮುಂಚೆ ಟ್ಯೂನ್, ನಮ್ಮ ಹವೆಗೆ ಇದು ಕಡ್ಡಾಯ.

ವಾಲಗ ಬೇಕು ಅನ್ನೋರಿಗೆ. ಕೊಡಗಿನ ಬ್ಯಾಂಡ್ ಅಂದ ಮೇಲೆ ವಾಲಗದ ಪೆಟ್ಟು ಹಾಕೋ ಆಸೆ ಎಲ್ಲರಿಗೂ ಇರತ್ತೆ, ಒಳ್ಳೇದೇ, ಆದ್ರೆ ಮದುವೆ ವಿಡಿಯೋದಿಂದ ಕತ್ತರಿಸಿ ಲೂಪ್ ಮಾಡಬೇಡಿ. ವಾಲಗದವರನ್ನ ಕರೆಸಿ, ಮದುವೆಗೆ ಕೊಡೋ ಹಾಗೇ ಸಂಭಾವನೆ ಮೊದಲೇ ಮಾತಾಡಿ ಕೊಡಿ, ಹಾಡಲ್ಲಿ ಬಳಸ್ತೀವಿ ಅಂತ ಒಪ್ಪಿಗೆ ಬರೆಸಿಕೊಳ್ಳಿ, ಕ್ರೆಡಿಟ್‌ನಲ್ಲಿ ಹೆಸರು ಹಾಕಿ. ಇನ್ನೊಂದು, ಅವರ ಕಿವಿಗೆ ಹೆಡ್‌ಫೋನ್ ಕೊಟ್ಟು ಕ್ಲಿಕ್‌ಗೆ ನುಡಿಸಿ ಅಂದ್ರೆ ವಾಲಗದ ಕುಣಿತವೇ ಸತ್ತುಹೋಗತ್ತೆ. ಅವರದ್ದನ್ನ ಅಂಗಳದಲ್ಲಿ ಮೊದಲು ರೆಕಾರ್ಡ್ ಮಾಡಿ, ಸಾಫ್ಟ್‌ವೇರ್‌ನಲ್ಲಿ ಟೆಂಪೋ ಮ್ಯಾಪ್ ಅದಕ್ಕೆ ಹೊಂದಿಸಿ, ಉಳಿದವರು ಅದರ ಮೇಲೆ ನುಡಿಸಿ. ಹಾಗೆ ಮಾಡೋದಾದ್ರೆ ವಾಲಗ ಗೈಡ್‌ಗಿಂತಲೂ ಮುಂಚೆ. ಡೋಲು ಮತ್ತು ಕೊಂಬಿನ ಸದ್ದಿಗೆ ಮೈಕ್ ದೂರ ಇರಲಿ.

ದನಿ ಕೊನೆಗೆ. ಮೈಕಿಂದ ಬಾಯಿಗೆ ಒಂದು ಗೇಣು, ಮಧ್ಯ ಪಾಪ್ ಫಿಲ್ಟರ್. "ಪ", "ಫ", "ಭ" ಬಂದಾಗ ಗಾಳಿ ಹೊಡೆದ್ರೆ ಮೈಕನ್ನ ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ಇಂಗ್ಲಿಷ್ ಹಾಡು ಹಾಡಿ ಪಳಗಿದ ಬಾಯಲ್ಲಿ ಕನ್ನಡದ "ಳ" ಹೋಗಿ "ಲ" ಆಗತ್ತೆ, "ಮಳೆ" ಹೋಗಿ "ಮಲೆ" ಆದ್ರೆ ಹಾಡಿನ ಅರ್ಥವೇ ಬೇರೆ, ಅದಕ್ಕೆ ಸಾಹಿತ್ಯದ ಹಾಳೆ ಹಿಡಿದು ಒಬ್ಬರು ಕೇಳ್ತಾ ಕೂರಿ. ಹೆಡ್‌ಫೋನ್‌ನಿಂದ ಕ್ಲಿಕ್ ಸೋರಿ ಮೈಕಿಗೆ ಬೀಳೋದನ್ನ ಚೆಕ್ ಮಾಡಿ, ಮೆಲ್ಲಗಿನ ಸಾಲಲ್ಲಿ ಟಿಕ್ ಟಿಕ್ ಸ್ಪಷ್ಟ ಕೇಳತ್ತೆ, ಅಂಥ ಸಾಲಿಗೆ ಕ್ಲಿಕ್ ತೆಗೆದು ಬರೀ ಡ್ರಮ್ಸ್ ಕೊಡಿ. ದನಿ ದಣಿದ ಮೇಲೆ ಹತ್ತು ಟೇಕ್ ಜಾಸ್ತಿ ಮಾಡೋದಕ್ಕಿಂತ ಮಾರನೇ ದಿನ ಬೆಳಗ್ಗೆ ಕಾಫಿ ಕುಡಿದು ಎರಡು ಟೇಕ್ ಮಾಡೋದು ವಾಸಿ.

ಪ್ರತಿ ದಿನ ಮುಗಿದ ಮೇಲೆ ಹಾರ್ಡ್‌ಡಿಸ್ಕ್‌ಗೆ ಕಾಪಿ. ಇದನ್ನ ನಾಳೆ ಮಾಡೋಣ ಅನ್ನೋ ಹಾಗಿಲ್ಲ.

## ಹಂತ 6: ಮಿಕ್ಸ್‌ಗೆ ಕಳಿಸೋದು

ಬ್ಯಾಂಡಿನವರೇ ಮಿಕ್ಸ್ ಮಾಡಿದ್ರೆ ಗಿಟಾರಿಸ್ಟ್ ಮಿಕ್ಸ್‌ನಲ್ಲಿ ಗಿಟಾರೇ ಕೇಳತ್ತೆ. ಸಾಧ್ಯ ಇದ್ರೆ ಮೈಸೂರು, ಬೆಂಗಳೂರಲ್ಲಿ ಮಿಕ್ಸ್ ಮಾಡೋರಿಗೆ ಕೊಡಿ, ರೆಕಾರ್ಡಿಂಗ್ ಮನೇಲಿ ಉಳಿಸಿದ ದುಡ್ಡು ಇಲ್ಲಿ ಹಾಕೋದು ಸರಿ.

ಎಲ್ಲಾ ಟ್ರ್ಯಾಕನ್ನೂ ಸೊನ್ನೆಯಿಂದ ಶುರುವಾಗೋ ಹಾಗೆ, ಒಂದೇ ಉದ್ದಕ್ಕೆ, ವೇವ್ ಫೈಲಾಗಿ ತೆಗೀರಿ. ಗಿಟಾರ್ ಮಧ್ಯದಲ್ಲಿ ಬರೋದಾದ್ರೂ ಅದರ ಫೈಲ್ ಸೊನ್ನೆಯಿಂದಲೇ ಇರಬೇಕು, ಇಲ್ಲಾಂದ್ರೆ ಅವರು ಎಲ್ಲಿ ಜೋಡಿಸೋದು? ಹೆಸರು "ಆಡಿಯೋ 17 ಫೈನಲ್ ಹೊಸದು" ಅಂತ ಇರಬಾರದು, "ರಿದಮ್ ಗಿಟಾರ್ ಎಡ" ಅಂತಿರಲಿ. ಜೊತೆಗೆ ಟೆಂಪೋ, ಶ್ರುತಿ, ಸಾಹಿತ್ಯ, ನಿಮಗೆ ಇಷ್ಟದ ಒಂದು ಹಾಡಿನ ಹೆಸರು. ನಾಲ್ಕು ನಿಮಿಷದ ಹಾಡಿಗೆ ಒಂದು ಮೋನೋ ಟ್ರ್ಯಾಕ್ ಸುಮಾರು 35 ಎಂಬಿ, ಇಪ್ಪತ್ತು ಟ್ರ್ಯಾಕ್ ಅಂದ್ರೆ 700 ಎಂಬಿ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹೋದ್ರೆ ನೆಟ್ ಬರೋದು ಯಾವಾಗ ಅಂತ ಹೇಳಲಿಕ್ಕಾಗಲ್ಲ, ಮೈಸೂರಿಗೆ ಹೋಗೋ ಯಾರ ಕೈಲಾದ್ರೂ ಪೆನ್‌ಡ್ರೈವ್ ಕಳಿಸೋದೇ ಬೇಗ. ವಾಟ್ಸಾಪ್‌ನಲ್ಲಿ ಮಾತ್ರ ಕಳಿಸಬೇಡಿ.

## ಹಂತ 7: ಮಿಕ್ಸ್ ಕೇಳೋದು, ಮಾಸ್ಟರ್

ಇಯರ್‌ಫೋನ್, ಫೋನಿನ ಸ್ಪೀಕರ್, ಮತ್ತೆ ಓಡ್ತಾ ಇರೋ ಜೀಪು, ಮೂರರಲ್ಲೂ ಕೇಳಿ. ಜೀಪಲ್ಲಿ ಸಾಹಿತ್ಯ ಗೊತ್ತಾಗಿಲ್ಲ ಅಂದ್ರೆ ದನಿ ಏರಿಸಬೇಕು. ಫೋನ್ ಸ್ಪೀಕರ್‌ನಲ್ಲಿ ಬಾಸ್ ಇಡೀ ಮಾಯ ಆದ್ರೆ ಮಿಕ್ಸ್‌ನವರಿಗೆ ಹೇಳಿ. ಬದಲಾವಣೆಯನ್ನ ನಾಲ್ಕು ಜನ ನಾಲ್ಕು ಕಡೆಯಿಂದ ಮೆಸೇಜ್ ಮಾಡಬೇಡಿ, ಒಬ್ಬರು ಸಮಯ ಹಾಕಿ ಒಂದೇ ಪಟ್ಟಿ ಕಳಿಸಿ: "1:12, ಎರಡನೇ ಗಿಟಾರ್ ತಗ್ಗಿಸಿ".

ಮಾಸ್ಟರ್, ಅಂದ್ರೆ ಮಿಕ್ಸ್ ಆದ ಮೇಲೆ ರಿಲೀಸ್‌ಗೆ ಸಿದ್ಧ ಮಾಡೋ ಕೊನೇ ಫೈಲ್, ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲಾ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನೋ ಅಳತೆ) ಹತ್ರ ತಂದು ನುಡಿಸತ್ತೆ, ನೀವು ಎಷ್ಟೇ ಒತ್ತಿ ಜೋರು ಮಾಡಿದ್ರೂ ಅದು ತಗ್ಗಿಸತ್ತೆ, ಒತ್ತಿದ್ದಕ್ಕೆ ಡ್ರಮ್ಸ್ ಚಪ್ಪಟೆ ಆಗಿದ್ದು ಮಾತ್ರ ಉಳಿಯತ್ತೆ. ಟ್ರೂ ಪೀಕ್ (ಹಾಡಿನ ಅತೀ ಜೋರಿನ ಕ್ಷಣದ ಅಳತೆ) ಮೈನಸ್ 1 ಡಿಬಿ ದಾಟಬಾರದು.

## ಹಂತ 8: ಡಿಸ್ಟ್ರಿಬ್ಯೂಟರ್ ಫಾರ್ಮ್

ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗೆ ನೀವೇ ನೇರ ಹಾಕಲಿಕ್ಕೆ ಆಗಲ್ಲ, ಹಾಡನ್ನ ಅಲ್ಲಿಗೆ ತಲುಪಿಸೋ ಡಿಸ್ಟ್ರಿಬ್ಯೂಟರ್ ಕಂಪನಿ ಬೇಕು. ದುಡ್ಡು ಕಟ್ಟೋ ಮುಂಚೆ ಒಂದೇ ಪ್ರಶ್ನೆ ನೋಡಿ: ಮುಂದಿನ ವರ್ಷ ಚಂದಾ ಕಟ್ಟದಿದ್ರೆ ಹಾಡು ಇರತ್ತಾ, ತೆಗೀತಾರಾ?

ಬ್ಯಾಂಡ್ ಹೆಸರು ಮೊದಲೇ ಎಲ್ಲಾ ಆ್ಯಪ್‌ನಲ್ಲಿ ಹುಡುಕಿ, ಅದೇ ಹೆಸರಿನ ಬ್ಯಾಂಡ್ ಬ್ರೆಜಿಲ್‌ನಲ್ಲಿ ಇದ್ರೆ ನಿಮ್ಮ ಹಾಡು ಅವರ ಪೇಜಲ್ಲಿ ಹೋಗಿ ಕೂರತ್ತೆ. ಭಾಷೆ ಅನ್ನೋ ಕಡೆ ಕನ್ನಡ ಆರಿಸಿ, ಎಷ್ಟೋ ಜನ ಇಂಗ್ಲಿಷ್ ಅಂತ ಬಿಟ್ಟಿರ್ತಾರೆ. ಗೀತರಚನೆಕಾರರ ಹೆಸರು ಸ್ಟೇಜ್ ಹೆಸರಲ್ಲ, ದಾಖಲೆಯಲ್ಲಿರೋ ಪೂರ್ತಿ ಹೆಸರು. ಐಎಸ್‌ಆರ್‌ಸಿ ಅಂತ ರೆಕಾರ್ಡಿಂಗ್ ಗುರುತಿಸೋ 12 ಅಕ್ಷರದ ಕೋಡ್ ಸಾಮಾನ್ಯವಾಗಿ ಅವರೇ ಕೊಡ್ತಾರೆ, ಹಂತ 1ರ ಹಾಳೆ ಮೇಲೇ ಬರೆದಿಟ್ಟುಕೊಳ್ಳಿ, ಮುಂದೆ ಡಿಸ್ಟ್ರಿಬ್ಯೂಟರ್ ಬದಲಾಯಿಸಿದ್ರೆ ಅದೇ ಕೋಡ್ ಕೊಡಬೇಕು, ಹೊಸದು ತಗೊಂಡ್ರೆ ಸ್ಟ್ರೀಮ್ ಲೆಕ್ಕ ಸೊನ್ನೆಯಿಂದ ಶುರು ಆಗಬಹುದು.

ಕವರ್ ಚಿತ್ರ 3000 ಪಿಕ್ಸೆಲ್ ಚೌಕ, ಅದರ ಮೇಲೆ ಇನ್‌ಸ್ಟಾಗ್ರಾಮ್ ಐಡಿ, ಫೋನ್ ನಂಬರ್ ಹಾಕಿದ್ರೆ ರಿಜೆಕ್ಟ್.

ಯೂಟ್ಯೂಬ್ ಕಂಟೆಂಟ್ ಐಡಿ (ನಿಮ್ಮ ಹಾಡು ಬೇರೆಯವರ ವಿಡಿಯೋಲಿ ಬಂದ್ರೆ ತಾನೇ ಹಿಡಿಯೋ ವ್ಯವಸ್ಥೆ) ಅನ್ನೋ ಟಿಕ್ ಬಗ್ಗೆ ಹುಷಾರು. ನಿಮ್ಮ ಹಾಡಲ್ಲಿ ಎಲ್ಲರಿಗೂ ಸಿಗೋ ರೆಡಿಮೇಡ್ ಲೂಪ್ ಇದ್ರೆ ಅದನ್ನ ಹಾಕಬೇಡಿ, ಅದೇ ಲೂಪ್ ಬಳಸಿದ ಇನ್ಯಾರದೋ ವಿಡಿಯೋ ಮೇಲೆ ನಿಮ್ಮ ಹೆಸರಲ್ಲಿ ಕ್ಲೇಮ್ ಬಿದ್ದು ಸುಮ್ಮನೆ ರಗಳೆ. ಹಾಡು ಬರೆದವರು, ರಾಗ ಹಾಕಿದವರು ಐಪಿಆರ್‌ಎಸ್ (ಹಾಡು ಬರೆದವರ ರಾಯಲ್ಟಿ ವಸೂಲಿ ಮಾಡಿ ಹಂಚೋ ಸಂಸ್ಥೆ) ಸದಸ್ಯತ್ವಕ್ಕೂ ಅರ್ಜಿ ಹಾಕಿ, ಡಿಸ್ಟ್ರಿಬ್ಯೂಟರ್ ಕೊಡೋ ದುಡ್ಡು ರೆಕಾರ್ಡಿಂಗ್‌ದು ಮಾತ್ರ, ಸಾಹಿತ್ಯ ಸಂಗೀತದ ರಾಯಲ್ಟಿ ಐಪಿಆರ್‌ಎಸ್ ದಾರಿಯಲ್ಲಿ ಬರೋದು.

## ಹಂತ 9: ಈಗ ಡೇಟ್

ಮಾಸ್ಟರ್ ಕೈಗೆ ಬಂದು, ಫಾರ್ಮ್ ತುಂಬಿ, ಅಲ್ಲಿಂದ ಕನಿಷ್ಠ ನಾಲ್ಕು ವಾರ ಮುಂದಿನ ಒಂದು ಶುಕ್ರವಾರ. ಹಾಡು ಡಿಸ್ಟ್ರಿಬ್ಯೂಟರ್‌ನಿಂದ ಹೋದ ಮೇಲೆ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ನಿಮ್ಮ ಪೇಜ್ ಕ್ಲೇಮ್ ಮಾಡಿ ಎಡಿಟರ್‌ಗಳಿಗೆ ಪಿಚ್ ಕಳಿಸಬಹುದು, ಇದು ರಿಲೀಸ್‌ಗೆ ಕನಿಷ್ಠ ಏಳು ದಿನ ಮುಂಚೆ ಆಗಬೇಕು, ರಿಲೀಸ್ ಆದ ಹಾಡಿಗೆ ಪಿಚ್ ಮಾಡಲಿಕ್ಕೆ ಬರಲ್ಲ. ಪಿಚ್‌ನಲ್ಲಿ "ಕೊಡಗಿನ ಸುಂದರ ಮಡಿಲಲ್ಲಿ" ಅಂತ ಕಥೆ ಬೇಡ, ಭಾಷೆ, ಶೈಲಿ, ಯಾವ ವಾದ್ಯ, ಯಾರು ಕೇಳ್ತಾರೆ, ಎಲ್ಲಿ ಶೋ ಮಾಡಿದೀರಿ, ಇಷ್ಟು ಸಾಕು.

ಊರಿನ ಲೆಕ್ಕಾಚಾರವೂ ನೋಡಿ. ಕೈಲ್‌ಪೊಳ್ದ್, ಪುತ್ತರಿ ಹೊತ್ತಿಗೆ ಹೊರಗಿರೋ ನಮ್ಮವರು ಮನೆಗೆ ಬಂದಿರ್ತಾರೆ, ಬಾಯಿಂದ ಬಾಯಿಗೆ ಹರಡಲಿಕ್ಕೆ ಒಳ್ಳೇ ಟೈಮ್, ಆದ್ರೆ ಹಬ್ಬದ ದಿನವೇ ಯಾರೂ ಫೋನ್ ನೋಡಲ್ಲ, ಒಂದು ವಾರ ಮುಂಚೆ ಬಿಡಿ. ಏಪ್ರಿಲ್ ಮೇ ಸುಮಾರಿಗೆ 1997ರಿಂದ ನಡೀತಾ ಬಂದಿರೋ ಕೊಡವ ಕೌಟುಂಬಿಕ ಹಾಕಿ ಇದ್ರೆ ಊರಿಗೆ ಊರೇ ಮೈದಾನದಲ್ಲಿರತ್ತೆ, ಆವಾಗ ರಿಲೀಸ್ ಮಾಡಿದ್ರೆ ಅಲ್ಲೇ ಹೋಗಿ ಕೇಳಿಸೋ ದಾರಿ ಹುಡುಕಿ, ಇಲ್ಲಾಂದ್ರೆ ಮುಗಿಯೋವರೆಗೆ ಕಾಯಿರಿ.

## ಹಂತ 10: ರಿಲೀಸ್ ಆದ ದಿನ

ಬೆಳಗ್ಗೆ ಎದ್ದು ಶೇರ್ ಮಾಡೋ ಮುಂಚೆ ಎಲ್ಲಾ ಆ್ಯಪ್‌ನಲ್ಲಿ ಹಾಡನ್ನ ಪೂರ್ತಿ ಕೇಳಿ. ಸರಿಯಾದ ಪೇಜಲ್ಲಿದೆಯಾ, ಹೆಸರಿನ ಸ್ಪೆಲಿಂಗ್ ಸರಿ ಇದೆಯಾ, ಹಾಡಿನ ಕೊನೇ ಎರಡು ಸೆಕೆಂಡ್ ಕತ್ತರಿಸಿ ಹೋಗಿದೆಯಾ. ಪೇಜ್ ತಪ್ಪಾಗಿದ್ರೆ ಡಿಸ್ಟ್ರಿಬ್ಯೂಟರ್‌ಗೆ ಅವತ್ತೇ ಬರೀರಿ, ಹಾಡು ಡಿಲೀಟ್ ಮಾಡಿ ಮತ್ತೆ ಹಾಕಬೇಡಿ.

"ಹತ್ತು ಸಾವಿರ ಸ್ಟ್ರೀಮ್ ಗ್ಯಾರಂಟಿ" ಅಂತ ಮೆಸೇಜ್ ಮಾಡೋರು ಅವತ್ತಿಂದಲೇ ಶುರು ಮಾಡ್ತಾರೆ. ಅವು ಬಾಟ್‌ಗಳು. ಸ್ಪಾಟಿಫೈ ಹಿಡಿದ್ರೆ ಲೆಕ್ಕ ಅಳಿಸತ್ತೆ, ಡಿಸ್ಟ್ರಿಬ್ಯೂಟರ್‌ಗೆ ದಂಡ ಬೀಳಬಹುದು, ಅವರು ನಿಮ್ಮ ಹಾಡನ್ನೇ ತೆಗೀಬಹುದು. 2024ರಿಂದ ಅಲ್ಲಿ ಒಂದು ಹಾಡಿಗೆ ಹಿಂದಿನ 12 ತಿಂಗಳಲ್ಲಿ 1000 ಸ್ಟ್ರೀಮ್ ಆಗದೆ ರೆಕಾರ್ಡಿಂಗ್ ದುಡ್ಡು ಬರಲ್ಲ, ಆ ಸಾವಿರವನ್ನ ಗೊತ್ತಿರೋ ಜನರ ಕೈಲಿ ಕೇಳಿಸಿಯೇ ದಾಟಬೇಕು. ಲಿಂಕನ್ನ ನೂರು ಗ್ರೂಪಿಗೆ ಎಸೆಯೋದರ ಬದಲು ಒಬ್ಬೊಬ್ಬರಿಗೆ ಹೆಸರು ಹಾಕಿ ಕಳಿಸಿ, ಪೂರ್ತಿ ಕೇಳಿ ಸೇವ್ ಮಾಡಿ ಅಂತ ಹೇಳಿ, ಮುಂದಿನ ಶೋ ಎಲ್ಲಿ ಅನ್ನೋದನ್ನೂ ಅದೇ ಮೆಸೇಜಲ್ಲಿ ಬರೀರಿ.